ಅದು ಮಿಸೈಲ್ ಅಲ್ಲಬೇ ಯವ್ವಾ!

‘ಲೇ, ಅಲ್ನೋಡ್ರಿ! ಮಿಸೈಲ್!’

ಹುಬ್ಬಳ್ಳಿಯ ನೃಪತುಂಗ ಬೆಟ್ಟದ ಮೇಲೆ ಗಿರಮಿಟ್ ತಿನ್ನುತ್ತಿದ್ದ ನಾವು ನಾಲ್ವರೂ ಒಮ್ಮೆಲೇ ಪಶ್ಚಿಮಕ್ಕೆ ತಿರುಗಿದೆವು. ಸೂರ್ಯ ಆಗಷ್ಟೇ ಮುಳುಗಿದ್ದ. ದಿಗಂತದಿಂದ ಬೆಂಕಿಬಣ್ಣದ ಗೆರೆಯೊಂದು ನೆಟ್ಟಗೆ ಮೇಲೇಳುತ್ತಿತ್ತು. ಅದರ ತುದಿಯಲ್ಲಿ ಹೊಳೆಯುವ ಚುಕ್ಕಿ. ಸದ್ದು ಮಾತ್ರ ಇಲ್ಲ.

ಬೇರೆ ದಿನವಾಗಿದ್ದರೆ ನೋಡಿ ಮರೆಯುತ್ತಿದ್ದೆವೇನೋ. ಆದರೆ ಅದು 2025ರ ಮೇ 9. ‘ಆಪರೇಷನ್ ಸಿಂಧೂರ’ ಶುರುವಾಗಿ ಎರಡು ದಿನವಾಗಿತ್ತು. ಟಿವಿ, ಮೊಬೈಲ್ ಎಲ್ಲಿ ನೋಡಿದರೂ ಡ್ರೋನ್, ಕ್ಷಿಪಣಿಯದ್ದೇ ಸುದ್ದಿ.

‘ಆ ಕಡೆನೇ ಕಾರವಾರ ಐತಿ. ಅಲ್ಲಿ ನೇವಿ ಬೇಸ್ ಐತಿ. ಅಲ್ಲಿಂದನ ಬಿಟ್ಟಾರ’ ಎಂದ ಒಬ್ಬ. ‘ಚಳ್ಳಕೆರೆಯ ಡಿಆರ್‌ಡಿಒದಿಂದ ಇರಬೇಕು’ ಎಂದ ಇನ್ನೊಬ್ಬ. ‘ಚಳ್ಳಕೆರಿ ನಮ್ಮ ಬೆನ್ನಿನ ಕಡೆ ಐತಲೇ, ಜಿಕೆ ಓದಾಕತ್ತೀಯೋ ಇಲ್ಲೋ?’ ಎಂದು ಮೊದಲಿನವ ನಕ್ಕ. ಬಿ.ಎಸ್‌ಸಿ. ಮುಗಿಸಿದ್ದ ಮೂರನೆಯವ ಮಾತ್ರ, ‘ವಿಮಾನ ಇರಬಹುದು, ಸ್ವಲ್ಪ ತಡೀರಿ’ ಎಂದ.

ನಾನು ತಡೆಯಲಿಲ್ಲ. ವಿಡಿಯೊ ಮಾಡಿ, ‘ಹುಬ್ಬಳ್ಳಿ ಮೇಲೆ ಮಿಸೈಲ್!’ ಎಂದು ಬರೆದು ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕಿದೆ.

ವಿದ್ಯಾನಗರದ ರೂಮು ಸೇರುವಷ್ಟರಲ್ಲಿ ಊರಿಂದ ಅವ್ವನ ಫೋನ್. ಅಳುತ್ತಿದ್ದಳು. ‘ಯಪ್ಪಾ, ನೀ ಹಾಕಿದ್ದನ್ನ ತಂಗಿ ತೋರಿಸಿದ್ಲು. ಹುಬ್ಬಳ್ಳಿಗೇ ಬಂತಂದ್ರ ಗಡಿಯಾಗ ಇದ್ದಾವನ ಗತಿ ಏನೋ? ನಿಮ್ಮ ಅತ್ತಿ ಉಣ್ಣವಲ್ಲಳು.’

ಮಾವನ ಮಗ ಜಮ್ಮುವಿನಲ್ಲಿ ಯೋಧ. ಎರಡು ದಿನದಿಂದ ಅವನ ಫೋನ್ ಹತ್ತಿರಲಿಲ್ಲ. ಅದು ನನಗೂ ಗೊತ್ತಿತ್ತು. ಆದರೂ ಸ್ಟೇಟಸ್ ಹಾಕುವಾಗ ನೆನಪಾಗಿರಲಿಲ್ಲ.

ಸ್ಟೇಟಸ್ ಅಳಿಸಿದೆ. ಅಷ್ಟರಲ್ಲಿ ಊರಿನ ಗುಂಪುಗಳಲ್ಲಿ ಆ ವಿಡಿಯೊ ಓಡಾಡುತ್ತಿತ್ತು.

ಬೆಟ್ಟದ ಮೇಲಿದ್ದಾಗಲೇ ಗೆಳೆಯ ವಿಮಾನಗಳ ಜಾಡು ತೋರಿಸುವ ಆ್ಯಪ್ ತೆರೆದು ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದ. ಆ ಹೊತ್ತಿಗೆ ಕೊಲ್ಲಿ ದೇಶದಿಂದ ಪೂರ್ವಕ್ಕೆ ಹೊರಟಿದ್ದ ಪ್ರಯಾಣಿಕರ ವಿಮಾನವೊಂದು ಸಮುದ್ರ ದಾಟಿ ನಮ್ಮ ಕಡೆಗೇ ಬರುತ್ತಿತ್ತು. ಎತ್ತರ 37 ಸಾವಿರ ಅಡಿ. ‘ಅಷ್ಟು ಎತ್ತರದಾಗ ಉಷ್ಣಾಂಶ ಮೈನಸ್ 40 ಡಿಗ್ರಿಗಿಂತ ಕಡಿಮಿ ಇರ್ತದ. ಎಂಜಿನ್ನಿಂದ ಬರೋ ನೀರಿನ ಆವಿ ಹೆಪ್ಪುಗಟ್ಟಿ ಹಿಮದ ಕಣ ಆಗ್ತದ. ನೀ ನೋಡಿದ ಗೆರಿ ಅದ. ನಮಗ ಸೂರ್ಯ ಮುಳುಗಿದ್ರೂ ಮ್ಯಾಲ ಇನ್ನೂ ಬಿಸಿಲಿರ್ತದ. ಅದಕ್ಕ ಬೆಂಕಿಬಣ್ಣ’ ಎಂದ.

‘ಮತ್ತ ನೆಟ್ಟಗ ಮ್ಯಾಲ ಹೋತಲ್ಲೋ?’

ಉತ್ತರ ಸಿಕ್ಕಿದ್ದು ಮರುದಿನ ಬೆಳಿಗ್ಗೆ. ಊರಿಗೆ ಹೊರಟ ನನ್ನನ್ನು ಬಿಡಲು ಅವನೂ ರೈಲು ನಿಲ್ದಾಣಕ್ಕೆ ಬಂದಿದ್ದ. ಗಿನ್ನೆಸ್ ದಾಖಲೆ ಸೇರಿದ ನಮ್ಮ 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ತೋರಿಸಿ, ‘ಮ್ಯಾಲಿನ ಕರೆಂಟ್ ತಂತಿ ನೋಡು’ ಎಂದ. ತಂತಿ ಉದ್ದಕ್ಕೂ ಒಂದೇ ಎತ್ತರದಲ್ಲಿದೆ. ಆದರೆ ದೂರದಲ್ಲಿ ನೆಲಕ್ಕಿಳಿದಂತೆ, ನಮ್ಮತ್ತ ಬರುತ್ತಾ ಮೇಲೇರಿದಂತೆ ಕಾಣುತ್ತದೆ. ನಮ್ಮ ಕಡೆ ಬರುವ ವಿಮಾನದ ಗೆರೆಯೂ ಹಾಗೆಯೇ. ಅಷ್ಟು ಎತ್ತರದ ವಿಮಾನ ನೂರಾರು ಕಿಲೋಮೀಟರ್ ದೂರದಿಂದಲೂ ಕಾಣಬಲ್ಲದು.

ಮೋಸ ಹೋದವರು ನಾವಷ್ಟೇ ಅಲ್ಲ. 2010ರ ನವೆಂಬರ್ 8ರಂದು ಅಮೆರಿಕದ ಲಾಸ್ ಏಂಜಲೀಸ್ ಬಳಿಯ ಕಡಲಿನ ಮೇಲೆ ಇಂಥದ್ದೇ ಗೆರೆ ಕಂಡಿತ್ತು. ಟಿವಿ ಚಾನೆಲ್‌ನ ಹೆಲಿಕಾಪ್ಟರ್ ಅದನ್ನು ಚಿತ್ರೀಕರಿಸಿತು. ‘ಗುಟ್ಟಿನ ಕ್ಷಿಪಣಿ’ ಎಂದು ದೇಶವೆಲ್ಲ ಗುಲ್ಲಾಯಿತು. ಅದು ವಿಮಾನದ ಗೆರೆಯೇ ಇರಬೇಕು ಎಂದು ಪೆಂಟಗನ್ ಹೇಳಲು ಎರಡು ದಿನ ಬೇಕಾಯಿತು. ಹಾಗಂತ ಪ್ರತಿ ಸಲವೂ ವಿಮಾನವೇ ಎನ್ನುವಂತಿಲ್ಲ. 2022ರ ಡಿಸೆಂಬರ್ 15ರ ಸಂಜೆ ಪಶ್ಚಿಮ ಬಂಗಾಳದ ಜನ ಆಕಾಶದಲ್ಲಿ ವಿಚಿತ್ರ ಬೆಳಕು ಕಂಡು ಬೆರಗಾಗಿದ್ದರು. ಅಂದು ಒಡಿಶಾ ಕರಾವಳಿಯಿಂದ ಅಗ್ನಿ–5 ಕ್ಷಿಪಣಿಯ ಪರೀಕ್ಷೆ ನಡೆದಿತ್ತು.

ನಾವು ಸ್ಪರ್ಧಾತ್ಮಕ ಪರೀಕ್ಷೆ ಬರೆಯುವವರು. ಉತ್ತರ ಗೊತ್ತಿಲ್ಲದಿದ್ದರೆ ನೆಗೆಟಿವ್ ಮಾರ್ಕ್ಸ್‌ಗೆ ಹೆದರಿ ಪ್ರಶ್ನೆಯನ್ನೇ ಬಿಡುತ್ತೇವೆ. ಮೊಬೈಲ್ ಕೈಯಲ್ಲಿದ್ದಾಗ ಆ ಹೆದರಿಕೆ ಎಲ್ಲಿ ಹೋಗುತ್ತದೋ! ನನ್ನ ತಪ್ಪು ಉತ್ತರಕ್ಕೆ ಅಂಕ ಕಳೆದುಕೊಂಡಿದ್ದು ನಾನಲ್ಲ, ಅವ್ವ ಮತ್ತು ಅತ್ತೆ.

ಊರಿಗೆ ಹೋಗಿ ಅತ್ತೆಯ ಮುಂದೆ ಕುಳಿತು ತಪ್ಪಾಯಿತೆಂದೆ. ‘ಅದು ಮಿಸೈಲ್ ಅಲ್ಲಬೇ ಯವ್ವಾ, ವಿಮಾನ’ ಎಂದು ಅವ್ವನಿಗೆ ಸ್ಕ್ರೀನ್‌ಶಾಟ್ ತೋರಿಸಿದೆ. ಅಂದು ಸಂಜೆ ಕದನ ವಿರಾಮದ ಸುದ್ದಿ ಬಂತು. ಮರುದಿನ ಮಾವನ ಮಗನ ಫೋನೂ ಬಂತು. ಅತ್ತೆ ಹೊಟ್ಟೆತುಂಬ ಉಂಡಳು.

ರಾತ್ರಿ ಅಂಗಳದಲ್ಲಿ ಮಲಗಿದ್ದಾಗ ಮೇಲೊಂದು ವಿಮಾನ ದೀಪ ಮಿನುಗಿಸುತ್ತಾ ಹೋಯಿತು. ಅವ್ವ ಅದನ್ನೇ ನೋಡುತ್ತಾ ಕೇಳಿದಳು: ‘ಅದ್ರಾಗ ಕುಂತವ್ರೂ ಯಾರದರ ಮಕ್ಕಳ ಅಲ್ಲೇನೋ? ಅವ್ರ ಅವ್ವಗ ನೀ ಏನಂತ ಸ್ಟೇಟಸ್ ಹಾಕ್ತಿದ್ದಿ?’