ಮನೆಗೆ ವ್ಯಾಯಾಮದ ಸೈಕಲ್ಲು ಬೇಕೇ?

ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಉದ್ಯೋಗದಲ್ಲಿರುವ ಮಕ್ಕಳು ಊರಿನಲ್ಲಿರುವ ತಂದೆತಾಯಿಗಳಿಗೆ ಏನನ್ನಾದರೂ ಕೊಡಿಸಬೇಕೆಂದು ಬಯಸುವುದು ಸಹಜವಾದುದು. ಹಿಂದೆ ಅದು ಟಿ.ವಿ. ಆಗಿತ್ತು, ಫ್ರಿಜ್ ಆಗಿತ್ತು. ಈಗ ಆ ಸಾಲಿಗೆ ನಿಂತಲ್ಲೇ ತುಳಿಯುವ ವ್ಯಾಯಾಮದ ಸೈಕಲ್ಲು ಸೇರಿಕೊಂಡಿದೆ. ದೇವಾಪುರದಲ್ಲಿಯೂ ಸುತ್ತಲಿನ ಊರುಗಳಲ್ಲಿಯೂ ಸಕ್ಕರೆ ಕಾಯಿಲೆಗೆ, ಮೊಣಕಾಲು ನೋವಿಗೆ ಔಷಧ ಪಡೆಯುತ್ತಿರುವ ಭಕ್ತರು ‘ಮಗ ಕಳಿಸುತ್ತೇನೆ ಅನ್ನುತ್ತಾನೆ, ತರಿಸಬಹುದೇ?’ ಎಂದು ನಮ್ಮನ್ನು ಕೇಳುತ್ತಾರೆ. ಸಾಧಾರಣವಾದ ಸೈಕಲ್ಲು 10,000 ರೂಪಾಯಿಯ ಆಸುಪಾಸಿನಲ್ಲಿ ದೊರೆಯುತ್ತದೆ. ದೊಡ್ಡ ಪರದೆ, ಭಾರವಾದ ಚಕ್ರ ಇರುವಂಥದು ಲಕ್ಷವನ್ನೂ ದಾಟುತ್ತದೆ. ಹತ್ತಿಯ ಬೆಲೆಯನ್ನು ನಂಬಿ ವರ್ಷದ ಲೆಕ್ಕ ಹಾಕುವ ಮನೆಗೆ ಇದು ಸಣ್ಣ ಮೊತ್ತವಲ್ಲ. ಆದುದರಿಂದ ನಾವು ಮೊದಲು ಮರುಪ್ರಶ್ನೆಯೊಂದನ್ನು ಹಾಕುತ್ತೇವೆ: ಮನೆಯಲ್ಲಿ ಇದನ್ನು ತುಳಿಯುವವರು ಯಾರು? ಅವರು ಇಂದು ನಡೆಯದಿರಲು ಅಡ್ಡಿಯಾಗಿರುವುದು ಏನು?

‘ನಾವು ಒಕ್ಕಲಿಗರು, ನಮಗೆ ಬೇರೆ ವ್ಯಾಯಾಮವೇಕೆ?’ ಎಂಬ ಮಾತೂ ಕೇಳಿಬರುತ್ತದೆ. ಮೂವತ್ತು ವರ್ಷಗಳ ಹಿಂದೆ ಈ ಮಾತಿನಲ್ಲಿ ಹುರುಳಿತ್ತು. ನಾರಾಯಣಪುರದ ಬಸವಸಾಗರದಿಂದ ಎಡದಂಡೆ ಕಾಲುವೆಯಲ್ಲಿ ನೀರು ಬಂದ ಮೇಲೆ ಸುರಪುರ, ಶಹಾಪುರ ತಾಲೂಕುಗಳ ಬೇಸಾಯವೇ ಬದಲಾಯಿತು. ರಂಟೆ ಕುಂಟೆಗಳ ಜಾಗಕ್ಕೆ ಟ್ರಾಕ್ಟರು ಬಂದಿತು, ಭತ್ತದ ಕೊಯ್ಲಿಗೆ ಯಂತ್ರ ಬಂದಿತು. ಹೊಲದ ಯಜಮಾನನು ಮೋಟಾರು ಸೈಕಲ್ಲಿನಲ್ಲಿ ಹೋಗಿ ಬದುವಿನ ಮೇಲೆ ನಿಂತು ನೋಡಿ ಬರುತ್ತಾನೆ. ಆದರೆ ಊಟದ ಪ್ರಮಾಣ ಅಂದಿನ ದುಡಿಮೆಗೆ ತಕ್ಕಂತೆಯೇ ಉಳಿದಿದೆ. ಸಜ್ಜೆ, ಜೋಳದ ರೊಟ್ಟಿಯ ಜಾಗದಲ್ಲಿ ಎರಡು ಹೊತ್ತೂ ಬಿಳಿ ಅನ್ನ ಬಂದಿದೆ.

ಇನ್ನೊಂದು ಸೂಕ್ಷ್ಮವುಂಟು. ಶ್ರಮವೇ ಬೇರೆ, ವ್ಯಾಯಾಮವೇ ಬೇರೆ. ದೇಹಕ್ಕೆ ಸ್ಥಿರತೆಯನ್ನೂ ಬಲವನ್ನೂ ತರುವ, ತನಗೆ ಇಷ್ಟವಾದ ಚೇಷ್ಟೆಯನ್ನು ಚರಕಾಚಾರ್ಯರು ವ್ಯಾಯಾಮವೆಂದು ಕರೆದು, ಅದನ್ನು ಮಾತ್ರೆಯರಿತು ಮಾಡಬೇಕೆಂದು ವಿಧಿಸಿದ್ದಾರೆ. ದಿನವಿಡೀ ಬಾಗಿ ಭತ್ತದ ನಾಟಿ ಮಾಡುವ ಅಥವಾ ಹತ್ತಿ ಬಿಡಿಸುವ ತಾಯಿಯ ಸೊಂಟ ಮೊಣಕಾಲುಗಳು ಸವೆಯುತ್ತವೆಯೇ ಹೊರತು ಅದರಿಂದ ಅವಳಿಗೆ ವ್ಯಾಯಾಮದ ಫಲ ಪೂರ್ಣವಾಗಿ ದೊರೆಯುವುದಿಲ್ಲ. ಅವಳಿಗೆ ಮೊದಲು ಬೇಕಾದುದು ವಿಶ್ರಾಂತಿ. ಸೈಕಲ್ಲಿನ ಮಾತು ಆಮೇಲಿನದು.

ಪ್ರಮೇಹದ ಚಿಕಿತ್ಸೆಯಲ್ಲಿ ಸುಶ್ರುತಾಚಾರ್ಯರು ಹೇಳಿರುವುದು ಇಲ್ಲಿ ಸ್ವಾರಸ್ಯಕರವಾಗಿದೆ. ಅನುಕೂಲವುಳ್ಳ ರೋಗಿಗೆ ಮಲ್ಲಯುದ್ಧ, ಆನೆ ಕುದುರೆಗಳ ಸವಾರಿ ಮುಂತಾದುವನ್ನು ಸೂಚಿಸುವ ಅವರು, ಧನವಿಲ್ಲದವನು ಪಾದರಕ್ಷೆ ಕೊಡೆಗಳಿಲ್ಲದೆ ಭಿಕ್ಷೆಯುಂಡು, ಒಂದು ಊರಿನಲ್ಲಿ ಒಂದೇ ರಾತ್ರಿ ತಂಗುತ್ತ ನೂರು ಯೋಜನ ನಡೆಯಲಿ ಎನ್ನುತ್ತಾರೆ. ಬಾವಿ ತೋಡುವುದನ್ನೂ ಹೇಳುತ್ತಾರೆ. ಕುದುರೆಯುಳ್ಳವನಿಗೆ ಕುದುರೆ, ಇಲ್ಲದವನಿಗೆ ಕಾಲು. ರೋಗ ಒಂದೇ, ಸಾಧನ ಅವರವರ ಅನುಕೂಲದ್ದು. ಇಂದಿನ ಈ ಸೈಕಲ್ಲನ್ನು ಆ ಕುದುರೆಯ ವಂಶದ್ದೆಂದೇ ನಾವು ಭಾವಿಸುತ್ತೇವೆ. ಹಾಗೆಂದು ಕುದುರೆಯಿಲ್ಲದವನ ಚಿಕಿತ್ಸೆ ನಿಲ್ಲುವುದಿಲ್ಲ. ಕಾಲುಗಳು ಗಟ್ಟಿಯಾಗಿರುವ ಗಂಡಸಿಗೆ ನಸುಕಿನಲ್ಲಿ ಕಾಲುವೆಯ ದಂಡೆಗುಂಟ ನಡೆಯಲು ಯಾವ ಅಡ್ಡಿಯೂ ಇಲ್ಲ. ಅಂಥವರು ‘ಸೈಕಲ್ಲು ಬಂದ ಮೇಲೆ ಆರಂಭಿಸುತ್ತೇನೆ’ ಎಂದರೆ ನಾವು ಬೇಡವೆಂದೇ ಹೇಳುತ್ತೇವೆ. ಅವರಿಗೆ ಅಡ್ಡಿಯಾಗಿರುವುದು ಆಲಸ್ಯ, ಆಲಸ್ಯಕ್ಕೆ ಯಂತ್ರವು ಮದ್ದಲ್ಲ.

ಹಾಗಾದರೆ ಯಾರಿಗೆ ಬೇಕು? ಮೊದಲನೆಯದಾಗಿ ಸಂಧಿವಾತದಿಂದ ಮೊಣಕಾಲು ಸವೆದವರಿಗೆ. ನಡೆಯುವಾಗ ಮೈಭಾರವೆಲ್ಲ ಮೊಣಕಾಲಿನ ಮೇಲೆ ಬೀಳುತ್ತದೆ. ಆಸನದ ಮೇಲೆ ಕುಳಿತು ತುಳಿಯುವಾಗ ಬಹುಪಾಲು ಭಾರವನ್ನು ಆಸನವೇ ಹೊರುತ್ತದೆ. ಕೀಲು ಆಡುತ್ತದೆ, ತೊಡೆಯ ಸ್ನಾಯು ಬಲಗೊಳ್ಳುತ್ತದೆ, ಆ ಸ್ನಾಯುವೇ ಮುಂದೆ ಮೊಣಕಾಲಿಗೆ ಆಸರೆಯಾಗುತ್ತದೆ. ಎರಡನೆಯದಾಗಿ, ಇದನ್ನು ನಾವು ಒತ್ತಿ ಹೇಳಬಯಸುತ್ತೇವೆ, ನಮ್ಮ ಮನೆಗಳ ಹೆಣ್ಣುಮಕ್ಕಳಿಗೆ. ಐವತ್ತು ದಾಟಿದ, ಸಕ್ಕರೆ ಕಾಯಿಲೆಯುಳ್ಳ ತಾಯಂದಿರಿಗೆ ‘ದಿನವೂ ಅರ್ಧ ತಾಸು ನಡೆಯಿರಿ’ ಎಂದು ಚೀಟಿಯಲ್ಲಿ ಬರೆದುಕೊಡುವುದು ಸುಲಭ. ನಸುಕಿನಲ್ಲಿ ಅವರಿಗೆ ಒಲೆಯ ಕೆಲಸ, ಸಂಜೆ ದನಕರು; ನಡುವೆ ಬಿಡುವು ದೊರೆತರೂ ಊರ ಬೀದಿಯಲ್ಲಿ ಕಾರಣವಿಲ್ಲದೆ ಒಬ್ಬರೇ ಬಿರುಸಾಗಿ ನಡೆದರೆ ಹತ್ತು ಕಣ್ಣು ನೋಡುತ್ತವೆ, ನಾಲ್ಕು ಬಾಯಿ ಕೇಳುತ್ತವೆ. ಹೆದ್ದಾರಿಯ ಕಡೆ ಹೋಗೋಣವೆಂದರೆ ಲಾರಿಗಳ ಭಯ. ಇದು ಸರಿಯಲ್ಲವೆಂದು ನಾವೂ ಬಲ್ಲೆವು. ಆದರೆ ಬೀದಿಯು ಬದಲಾಗುವವರೆಗೆ ಅವರ ರಕ್ತದ ಸಕ್ಕರೆ ಕಾಯುವುದಿಲ್ಲ.

ಆದುದರಿಂದ ಸೈಕಲ್ಲನ್ನು ಮನೆಯೊಳಗೆ ಎಲ್ಲಿ ಇಡುತ್ತೀರಿ ಎಂಬುದು ಅದರ ಬೆಲೆಗಿಂತ ಮುಖ್ಯವಾಗುತ್ತದೆ. ಪಡಸಾಲೆಯಲ್ಲಿ ಟಿ.ವಿ.ಯ ಎದುರು ಇಟ್ಟರೆ ಬಂದವರಿಗೆ ಅದು ಕಾಣುತ್ತದೆ, ಮನೆಯ ಗಂಡಸರು ಎಂಟು ದಿನ ತುಳಿಯುತ್ತಾರೆ, ಒಂಬತ್ತನೆಯ ದಿನ ಅದರ ಹಿಡಿಕೆಯ ಮೇಲೆ ಟವೆಲು ಒಣಗುತ್ತದೆ. ಅತಿಥಿಗಳು ಕುಳಿತಿರುವಾಗ ಮನೆಯ ಸೊಸೆಯಾಗಲಿ ಅತ್ತೆಯಾಗಲಿ ಅಲ್ಲಿ ಏರಿ ಕುಳಿತುಕೊಳ್ಳುವುದಿಲ್ಲ. ಒಳಗಿನ ಕೋಣೆಯಲ್ಲಿ, ಗಾಳಿ ಬರುವ ಕಿಟಕಿಯ ಬಳಿ ಇಟ್ಟರೆ ಅವರ ಪಾಲಿಗೂ ಅದು ದಕ್ಕುತ್ತದೆ. ಸೀರೆಯ ನಿರಿಗೆ ಪೆಡಲಿಗೆ ಸಿಕ್ಕಿ ಬಿದ್ದರೆ ಈ ವಯಸ್ಸಿನಲ್ಲಿ ಸೊಂಟದ ಎಲುಬೇ ಮುರಿಯಬಹುದು. ಚೂಡಿದಾರವನ್ನು ತೊಟ್ಟುಕೊಳ್ಳಲು ಮನೆಯ ಹಿರಿಯರು ಸಮ್ಮತಿಸಬೇಕು, ಅಥವಾ ಅವರೇ ಹೇಳಬೇಕು.

ಈಗ ಲೆಕ್ಕಕ್ಕೆ ಬರೋಣ. 48,000 ರೂಪಾಯಿಯ ಸೈಕಲ್ಲನ್ನು ವಾರಕ್ಕೆ ಮೂರು ದಿನದಂತೆ ಐದು ವರ್ಷ ತುಳಿದರೆ 780 ಸಲವಾಗುತ್ತದೆ. ಒಂದು ಸಲಕ್ಕೆ ಸುಮಾರು 62 ರೂಪಾಯಿ. ಇಪ್ಪತ್ತು ಸಲ ತುಳಿದು ಕೈಬಿಟ್ಟರೆ ಒಂದೊಂದು ಸಲಕ್ಕೆ 2,400 ರೂಪಾಯಿ. ಎರಡರಲ್ಲಿ ನಿಮ್ಮದು ಯಾವುದೆಂದು ಅಂಗಡಿಯವನು ಹೇಳಲಾರ. ತಿಳಿಯಲು ನಾವು ಸೂಚಿಸುವ ದಾರಿಯಿದು. ಕುರ್ಚಿಯ ಮೇಲೆ ಕುಳಿತು, ನೆಲದ ಮೇಲಿಟ್ಟು ತುಳಿಯುವ ಸಣ್ಣ ಪೆಡಲು ಯಂತ್ರ ಎರಡು ಮೂರು ಸಾವಿರ ರೂಪಾಯಿಗೆ ದೊರೆಯುತ್ತದೆ. ಔಷಧವನ್ನು ಒಂದು ಮಂಡಲ ಸೇವಿಸುವಂತೆ ಅದನ್ನು 48 ದಿನ, ದಿನವೂ ಒಂದೇ ಹೊತ್ತಿಗೆ ತುಳಿಯಿರಿ. ಪಂಚಾಂಗದ ಮೇಲೆ ಗುರುತು ಹಾಕಿರಿ. ನಲವತ್ತು ಗುರುತುಗಳಾದರೂ ಬಿದ್ದಿದ್ದರೆ ದೊಡ್ಡ ಸೈಕಲ್ಲು ತರಿಸಲು ಅಡ್ಡಿಯಿಲ್ಲ. ಬೀಳದಿದ್ದರೆ ಮಗನ 45,000 ರೂಪಾಯಿ ಉಳಿಯಿತು. ಪಟ್ಟಣಗಳಲ್ಲಿ ಒಮ್ಮೆ ತುಳಿದು ಬಿಟ್ಟ ಸೈಕಲ್ಲುಗಳು ಅರ್ಧ ಬೆಲೆಗೆ ಮಾರಾಟಕ್ಕಿರುತ್ತವೆ, ಅದೂ ಯೋಚಿಸತಕ್ಕದ್ದೇ.

ಕೊಳ್ಳುವಾಗ ಗಮನಿಸಬೇಕಾದುವು ಹೆಚ್ಚೇನಿಲ್ಲ. ಅಯಸ್ಕಾಂತದಿಂದ ಬಿಗಿ ಹೊಂದಿಸುವ ಮಾದರಿ ಸದ್ದಿಲ್ಲದ್ದು, ಸವೆತವೂ ಕಡಿಮೆ. ಕೈಯಿಂದ ತಿರುವುವ ಗುಬುಟು ಇದ್ದರೆ ಕರೆಂಟು ಹೋದರೂ ನಡೆಯುತ್ತದೆ. ಬೆನ್ನುನೋವಿರುವವರಿಗೂ ತುಂಬ ವಯಸ್ಸಾದವರಿಗೂ ಬೆನ್ನಿಗೆ ಆಸರೆಯಿದ್ದು ಕಾಲು ಮುಂದಕ್ಕೆ ಚಾಚಿ ತುಳಿಯುವ ಮಾದರಿ ಹಿತ. ಮೈತೂಕವನ್ನು ತಾಳುವ ಮಿತಿಯನ್ನು ನೋಡಿರಿ. ಕೆಟ್ಟರೆ ರಿಪೇರಿಗೆ ಸುರಪುರಕ್ಕೋ ಕಲಬುರಗಿಗೋ ಯಾರಾದರೂ ಬರುತ್ತಾರೆಯೇ ಎಂದು ಮೊದಲೇ ಕೇಳಿರಿ. ಪರದೆಯೊಳಗಿನ ತರಬೇತುದಾರನಿಗಾಗಿ ತಿಂಗಳು ತಿಂಗಳು ಹಣ ಕಟ್ಟುವ ಮಾದರಿ ನಮ್ಮ ಊರಿಗೆ ಅನವಶ್ಯಕ. ಅಮೆರಿಕದ ಪೆಲೊಟಾನ್ ಕಂಪನಿ ಅಂಥದಕ್ಕೆ ಹೆಸರಾದುದು. ಕೊರೊನಾ ಕಾಲದಲ್ಲಿ ಅದರ ಬೇಡಿಕೆ ಏರಿ ಆಮೇಲೆ ಇಳಿಯಿತು. 2023ರ ಮೇ ತಿಂಗಳಲ್ಲಿ ಆಸನದ ಕಂಬ ಮುರಿಯುವ ಅಪಾಯವಿದೆಯೆಂದು ಸುಮಾರು 22 ಲಕ್ಷ ಸೈಕಲ್ಲುಗಳಿಗೆ ಕಂಬ ಬದಲಿಸಿಕೊಡಬೇಕಾಯಿತು. ಬೆಲೆ ಹೆಚ್ಚಾದ ಮಾತ್ರಕ್ಕೆ ಆಸನ ಗಟ್ಟಿಯೆಂದು ತಿಳಿಯಬಾರದು. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಚಕ್ರ ಸರಪಳಿಗಳು ಪೂರ್ಣ ಮುಚ್ಚಿರುವುದನ್ನೇ ಆರಿಸಿರಿ, ಬೆರಳು ಸಿಕ್ಕೀತು.

ಆಸನ ಕೆಳಗಿದ್ದರೆ ಮೊಣಕಾಲು ನೋವು ಹೆಚ್ಚುತ್ತದೆ. ಪೆಡಲು ಅತಿ ಕೆಳಗಿರುವಾಗ ಮೊಣಕಾಲು ಪೂರ್ತಿ ನೆಟ್ಟಗಾಗದೆ ಸ್ವಲ್ಪವೇ ಬಾಗಿರಬೇಕು. ಆರಂಭದಲ್ಲಿ ಬಿಗಿಯಿಲ್ಲದೆ ಐದು ನಿಮಿಷ ಸಾಕು. ವಾರವಾರಕ್ಕೆ ಏರಿಸುತ್ತ ಅರ್ಧ ತಾಸಿಗೆ ತಲುಪಬಹುದು. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ವಯಸ್ಕರಿಗೆ ಹೇಳಿರುವುದು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ವ್ಯಾಯಾಮ. ಎಷ್ಟು ಬಿರುಸು ಎಂಬುದಕ್ಕೆ ನಮ್ಮ ಶಾಸ್ತ್ರದ ಅಳತೆಯೇ ಸುಲಭವಾದುದು. ಅದು ಅರ್ಧಶಕ್ತಿ. ಹಣೆ, ಮೂಗು, ಕಂಕುಳಗಳಲ್ಲಿ ಬೆವರೊಡೆದು, ಬಾಯಿ ಒಣಗಿ, ಬಾಯಿಂದ ಉಸಿರಾಡುವಂತಾದಾಗ ಅರ್ಧ ಶಕ್ತಿ ವ್ಯಯವಾಯಿತೆಂದು ತಿಳಿದು ನಿಲ್ಲಿಸಬೇಕು. ಅದೂ ಚಳಿಗಾಲ ವಸಂತಗಳಿಗೆ ಹೇಳಿದ ಅಳತೆ. ಗ್ರೀಷ್ಮದಲ್ಲಿ ವ್ಯಾಯಾಮವನ್ನೇ ಬಿಡುವಂತೆ ವಾಗ್ಭಟಾಚಾರ್ಯರು ಹೇಳುತ್ತಾರೆ. 40 ಡಿಗ್ರಿ ದಾಟುವ ನಮ್ಮ ಏಪ್ರಿಲ್ ಮೇ ತಿಂಗಳುಗಳಲ್ಲಿ, ನೆರಳಿನಲ್ಲಿದೆಯೆಂಬ ಧೈರ್ಯದಿಂದ ಮುಚ್ಚಿದ ಕೋಣೆಯೊಳಗೆ ಮಧ್ಯಾಹ್ನ ತುಳಿಯುವುದು ಸಲ್ಲದು. ಸೂರ್ಯೋದಯಕ್ಕೆ ಮುನ್ನ, ಹತ್ತು ನಿಮಿಷ, ಅಷ್ಟೇ. ತುಳಿದು ಬೆವರು ಆರಿದ ಬಳಿಕ ಸ್ನಾನ, ಅನಂತರ ಲಿಂಗಪೂಜೆ ಎಂದು ಕ್ರಮವಿಟ್ಟುಕೊಂಡರೆ ಹೊತ್ತು ತಪ್ಪುವುದಿಲ್ಲ.

ಪರದೆಯ ಮೇಲೆ ತೋರುವ ಕ್ಯಾಲೊರಿಯ ಅಂಕಿಯನ್ನು ನಂಬಿ ಊಟಕ್ಕೆ ಕುಳಿತುಕೊಳ್ಳಬೇಡಿರಿ. ಅರ್ಧ ತಾಸು ತುಳಿದುದು ಒಂದೆರಡು ರೊಟ್ಟಿಗೆ ಸಮ. ತುಳಿಯುವುದರಿಂದ ಎಲುಬಿಗೆ ನಡಿಗೆಯಷ್ಟು ಬಲ ಬರುವುದಿಲ್ಲ, ತೋಳುಗಳಿಗೂ ಕೆಲಸವಿಲ್ಲ. ಆದುದರಿಂದ ಊಟವಾದ ಮೇಲೆ ಅಂಗಳದಲ್ಲಿ ನೂರು ಹೆಜ್ಜೆ ಹಾಕುವ ಹಳೆಯ ರೂಢಿಯನ್ನು ಬಿಡಬಾರದು.

ಎದೆನೋವು, ಏದುಸಿರು, ತಲೆಸುತ್ತು ಇರುವವರು, ಹೃದಯದ ತೊಂದರೆಗೆ ಔಷಧ ಸೇವಿಸುವವರು, ಸಕ್ಕರೆ ಕಾಯಿಲೆಯಿಂದ ಕಣ್ಣಿನ ಪರದೆಗೆ ಹಾನಿಯಾದವರು, ಅಂಗಾಲಿನಲ್ಲಿ ಹುಣ್ಣಿರುವವರು ವೈದ್ಯರಿಗೆ ತೋರಿಸದೆ ಆರಂಭಿಸಬಾರದು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆಗಳನ್ನು ತೆಗೆದುಕೊಳ್ಳುವವರಿಗೆ ವ್ಯಾಯಾಮದ ನಡುವೆ ಅಥವಾ ಅದಾದ ಕೆಲವು ತಾಸಿನ ಮೇಲೆ ಸಕ್ಕರೆ ತೀರ ಕೆಳಗಿಳಿಯಬಹುದು. ಕೈ ನಡುಗುವುದು, ತಣ್ಣನೆಯ ಬೆವರು, ಕಣ್ಣು ಮಂಜಾಗುವುದು ಇದರ ಲಕ್ಷಣಗಳು. ಸೈಕಲ್ಲಿನ ಪಕ್ಕದ ಗೂಡಿನಲ್ಲಿ ಒಂದು ಡಬ್ಬಿಯಲ್ಲಿ ಸಕ್ಕರೆಯೋ ಬೆಲ್ಲವೋ ಸದಾ ಇರಲಿ, ಮನೆಯಲ್ಲಿ ಇನ್ನೊಬ್ಬರು ಎದ್ದಿರುವ ಹೊತ್ತಿನಲ್ಲೇ ತುಳಿಯಿರಿ.