ಸೂರತ್ತಿನ ದುಡಿಮೆ, ಊರ ಹಳ್ಳಕ್ಕೆ ಒಡ್ಡು

ದುಡಿಯಲು ಹೋದ ಜನ ಊರಿಗೆ ದುಡ್ಡು ಕೊಡುವುದು ಹೊಸದೇನಲ್ಲ. ನಮ್ಮ ಕಡೆಯಿಂದ ಮುಂಬಯಿ, ಗೋವಾ, ಬೆಂಗಳೂರಿಗೆ ಹೋದವರೂ ಜಾತ್ರೆಗೆ ಪಟ್ಟಿ ಕೊಡುತ್ತಾರೆ, ಗುಡಿಗೆ ಗೋಪುರ ಕಟ್ಟಿಸುತ್ತಾರೆ. ಬೇಡ ಅನ್ನೋದಿಲ್ಲ. ಆದರೆ ಗುಜರಾತಿನ ಸೌರಾಷ್ಟ್ರದವರು ಇಂಥ ದುಡ್ಡನ್ನು ಹಳ್ಳಕ್ಕೂ ಹಾಕಿದ್ದಾರೆ. ಒಣಬೇಸಾಯದ ನಾವು ಇದನ್ನು ತಿಳಕೋಬೇಕು.

ಅಲ್ಲಿನ ನೆಲ ಬಹುಪಾಲು ನಮ್ಮಂಥದ್ದೇ. ಮೇಲೆ ಕಪ್ಪು ಮಣ್ಣು, ಕೆಳಗೆ ಕರಿಕಲ್ಲು. ಬೆಳೆ ಶೇಂಗಾ, ಹತ್ತಿ. ಮಳೆ ನಾಲ್ಕು ದಿನ ಧೋ ಅಂತ ಸುರಿದು ಹಳ್ಳ ಹಿಡಿದು ಹೋಗಿಬಿಡುತ್ತದೆ. ಭಾವನಗರ, ಅಮ್ರೇಲಿ ಕಡೆಯ ರೈತರ ಮಕ್ಕಳು ಸೂರತ್ತಿಗೆ ಹೋಗಿ ವಜ್ರಕ್ಕೆ ಸಾಣೆ ಹಿಡಿಯುವ ಕೆಲಸ ಕಲಿತರು. ಕೆಲವರು ಮಾಲೀಕರೇ ಆದರು. ಅಂಥವರಲ್ಲಿ ಗಢಡಾ ತಾಲೂಕಿನ ಖೋಪಾಲಾ ಊರಿನ ಮಥುರಭಾಯಿ ಸವಾಣಿ ಒಬ್ಬರು. 1990ರ ದಶಕದ ಕೊನೆಗೆ ಇವರು ಸೂರತ್ತಿನಲ್ಲಿದ್ದ ಊರವರನ್ನು ಕೂಡಿಸಿ, ಖೋಪಾಲಾದ ಹಳ್ಳಗಳಿಗೆ ಸಾಲಾಗಿ ಸಣ್ಣ ಸಣ್ಣ ಚೆಕ್ ಡ್ಯಾಂ ಕಟ್ಟಿಸಿದರು. ಸೌರಾಷ್ಟ್ರ ಜಲಧಾರಾ ಟ್ರಸ್ಟ್ ಅಂತ ಮಾಡಿ ಊರೂರು ತಿರುಗಿದರು. 2014ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಅಷ್ಟರಲ್ಲಿ ಬರ ಬಿತ್ತು. 2000ದಲ್ಲಿ ಗುಜರಾತ್ ಸರಕಾರವೂ ಒಂದು ಯೋಜನೆ ತಂತು. ಡ್ಯಾಮಿನ ಖರ್ಚು ನೂರು ರೂಪಾಯಿ ಆದರೆ 60 ಸರಕಾರದ್ದು, 40 ಜನರದ್ದು. ಆ ನಲವತ್ತರಲ್ಲಿ ಸೂರತ್ತಿನ ದುಡ್ಡೂ ಸೇರಿತು, ಊರವರ ಮೈಕೆಲಸವೂ ಸೇರಿತು. ತನ್ನ ಗಂಟು ಸೇರಿದ ಮೇಲೆ ಸಿಮೆಂಟು ಕದಿಯಲು ಯಾರು ಬಿಡುತ್ತಾರೆ? 2005ರಲ್ಲಿ ಜನರ ಪಾಲು 20ಕ್ಕೆ ಇಳಿಯಿತು. ನನ್ನ ಲೆಕ್ಕದಲ್ಲಿ 40 ಇದ್ದದ್ದೇ ಚಲೋ.

ಡ್ಯಾಮಿನಲ್ಲಿ ನಿಂತ ನೀರು ನೋಡಲಿಕ್ಕೆ ಸ್ವಲ್ಪ. ಅದು ಇಂಗಿ ಬಾವಿಗೆ ಬಂದರೇ ಲಾಭ. ಕರಿಕಲ್ಲಿನ ಸಂದಿಯಲ್ಲಿ ಬಹಳ ನೀರು ಹಿಡಿಯೋದಿಲ್ಲ, ಬೇಸಿಗೆತನಕ ಬರುತ್ತೆ ಅಂತ ಯಾರೂ ತಿಳಿಯಬಾರದು. ಒಣಗುವ ಬೆಳೆಗೆ ಒಂದೆರಡು ಸಲ ನೀರು ಕಟ್ಟಲು ಸಿಕ್ಕರೆ ಅದೇ ದೊಡ್ಡದು. ಅಡಚಣೆಯೂ ಉಂಟು. ಬಾವಿ ಇದ್ದವನಿಗೆ ನೀರು, ಹೊಲವೇ ಇಲ್ಲದವನಿಗೆ ಬರೀ ಕೂಲಿ. ಮೇಲಿನ ಊರು ತಡೆದಷ್ಟೂ ಕೆಳಗಿನ ಕೆರೆಗೆ ಬರುವುದು ಕಡಿಮೆ. ದುಡ್ಡು ಕೊಟ್ಟವರು ದೂರ ಇರುತ್ತಾರೆ, ಈ ಜಗಳ ಬಿಡಿಸುವುದು ಊರಲ್ಲಿದ್ದವರ ಪಾಲಿಗೇ ಬರುತ್ತದೆ.

ನಮ್ಮವರು ಜಾತ್ರೆಗೆ ಬಂದಾಗ ಕೇಳಬೇಕೆಂದರೆ ಬಾಯಿಮಾತು ಸಾಲದು. ಗುಡಿಯ ಅಂದಾಜುಪಟ್ಟಿ ಯಾವಾಗಲೂ ತಯಾರಿರುತ್ತೆ, ಹಳ್ಳದ್ದು ಇರೋದಿಲ್ಲ. ಗಟ್ಟಿ ಕಲ್ಲು ಸಿಗುವ ಜಾಗ ನೋಡಿ, ಕೆಳಗಿನ ಊರವರ ಕೂಡ ಮಾತಾಡಿ, ಖರ್ಚು ಬರೆಸಿ, ವರ್ಷಾ ಹೂಳು ತೆಗೆಯೋರು ಯಾರು ಅಂತ ಗೊತ್ತುಮಾಡಿ ಇಟ್ಟಿರಬೇಕು. ಜಾತ್ರೆ ಮುಗಿದ ಎರಡನೇ ದಿನ ಅವರೆಲ್ಲ ಬಸ್ಸು ಹತ್ತಿರುತ್ತಾರೆ.