ಕೊಟ್ಟ ಮಾತೂ ಕರದ ಜಮೆಯೂ

ಸರಕಾರವು ಪ್ರಜೆಯ ಕೈಯಿಂದ ಹಣವನ್ನು ತೆಗೆದುಕೊಳ್ಳುವ ಬಗೆಗಳನ್ನು ಕುರಿತು ನಮ್ಮ ವಾಚಕರಿಗೆ ನಾವು ಹೇಳಿಕೊಡಬೇಕಾದುದೇನೂ ಇಲ್ಲ. ಆದರೆ ತನಗೆ ಬರಬೇಕಾದ ಹಣವನ್ನು ಬಿಟ್ಟುಕೊಟ್ಟು, ಆ ಮೂಲಕ ಪ್ರಜೆಯನ್ನು ಒಂದು ಲೋಕೋಪಯೋಗಿಯಾದ ಕಾರ್ಯಕ್ಕೆ ಪ್ರೇರಿಸುವ ಬಗೆಯೂ ಒಂದುಂಟು. ಬಿಸಿಲಿನಿಂದಲೂ ಗಾಳಿಯಿಂದಲೂ ವಿದ್ಯುತ್ತನ್ನು ಪಡೆಯುವವರಿಗೆ, ಮನೆಯಲ್ಲಿ ಶಕ್ತಿಯ ವ್ಯಯವನ್ನು ಮಿತಗೊಳಿಸುವವರಿಗೆ, ಅಮೆರಿಕಾ ಸಂಯುಕ್ತ ಸಂಸ್ಥಾನದ ಸರಕಾರವು ಇಂಥ ಸಹಾಯವನ್ನು 1978ರಿಂದ ಕೊಡುತ್ತ, ಕಿತ್ತುಕೊಳ್ಳುತ್ತ, ಮರಳಿ ಕೊಡುತ್ತ ಬಂದಿದೆ. 2025ರ ಜುಲೈ 4ರಂದು ಅಧ್ಯಕ್ಷ ಟ್ರಂಪರು ಅಂಕಿತ ಹಾಕಿದ ಶಾಸನವು, ಗೃಹಸ್ಥರಿಗಿದ್ದ ಈ ಸಹಾಯವನ್ನು ಅದೇ ವರ್ಷದ ಡಿಸೆಂಬರ್ 31ಕ್ಕೆ ಕೊನೆಗಾಣಿಸಿತು. ಆ ದೇಶದಲ್ಲಿ ಮನೆ ಕಟ್ಟಿಕೊಂಡಿರುವ ಕನ್ನಡಿಗರಿಗೆ ಇದು ಕೈಯ ಹಣದ ಮಾತು. ಇಲ್ಲಿರುವ ನಮಗೆ ರಾಜ್ಯನೀತಿಯ ಪಾಠ.

ಅಂಗಡಿಯ ಜಮಾಖರ್ಚಿನ ಪುಸ್ತಕವನ್ನು ಬಲ್ಲವರಿಗೆ ಇದರ ಸ್ವರೂಪವು ಸುಲಭವಾಗಿ ತಿಳಿದೀತು. ಆದಾಯದಲ್ಲಿ ಇಷ್ಟು ಭಾಗವನ್ನು ಕಳೆದು ಉಳಿದುದಕ್ಕೆ ತೆರಿಗೆ ಹಾಕುವುದು ಒಂದು ಕ್ರಮ. ತೆರಿಗೆಯನ್ನೆಲ್ಲ ಲೆಕ್ಕ ಹಾಕಿದ ಮೇಲೆ, ಕೊಡಬೇಕಾದ ಮೊತ್ತದಲ್ಲಿಯೇ ಇಷ್ಟು ಹಣವನ್ನು ತೆರಿಗೆದಾರನ ಹೆಸರಿಗೆ ಜಮೆ ಹಿಡಿಯುವುದು ಇನ್ನೊಂದು. ನಾವು ಹೇಳುತ್ತಿರುವುದು ಈ ಎರಡನೆಯದನ್ನು. 20,000 ಡಾಲರು ವೆಚ್ಚಮಾಡಿ ಮಾಳಿಗೆಯ ಮೇಲೆ ಸೌರಫಲಕಗಳನ್ನು ಹೂಡಿಸಿದವನಿಗೆ ನೂರಕ್ಕೆ 30ರಂತೆ 6,000 ಡಾಲರುಗಳಷ್ಟು ತೆರಿಗೆಯೇ ಇಳಿಯುತ್ತಿತ್ತು. ಕಿಟಕಿಗಳನ್ನು ಭದ್ರಪಡಿಸುವುದು, ಗೋಡೆ ಮಾಡುಗಳಿಂದ ಶಾಖವು ಸೋರದಂತೆ ಒಳಪದರ ಹಾಕಿಸುವುದು ಮುಂತಾದವಕ್ಕೂ ಬೇರೊಂದು ಜಮೆ ಇತ್ತು. ಚಳಿಗಾಲದಲ್ಲಿ ಮನೆಯನ್ನು ಕಾಯಿಸಿಕೊಂಡೇ ಬಾಳಬೇಕಾದ ನಾಡಿನಲ್ಲಿ ಇದು ಸಣ್ಣ ಮಾತಲ್ಲ. ಉಳಿಸಿದ ವಿದ್ಯುತ್ತನ್ನು ಯಾರೂ ಉತ್ಪಾದಿಸಬೇಕಾಗಿಲ್ಲವಷ್ಟೆ.

ಇದರ ಚರಿತ್ರೆಯನ್ನು ನೋಡಿದರೆ ಮನಸ್ಸಿಗೆ ಖೇದವಾಗುತ್ತದೆ. 1973ರಲ್ಲಿ ಅರಬ್ಬೀ ದೇಶಗಳು ಎಣ್ಣೆಯ ರಫ್ತನ್ನು ತಡೆದಾಗ ಅಮೆರಿಕದವರ ಕಣ್ಣು ತೆರೆಯಿತು. 1978ರಲ್ಲಿ ಅಧ್ಯಕ್ಷ ಕಾರ್ಟರರ ಕಾಲದಲ್ಲಿ ಮೊದಲ ಶಾಸನವಾಯಿತು. ಮನೆಯ ಶಾಖ ಉಳಿಸುವ ಕೆಲಸಕ್ಕೆ 300 ಡಾಲರಿನವರೆಗೂ, ಸೌರೋಪಕರಣಗಳಿಗೆ ಅದಕ್ಕಿಂತ ಹೆಚ್ಚಾಗಿಯೂ ಜಮೆ ದೊರೆಯಿತು. 1979ರಲ್ಲಿ ಕಾರ್ಟರರು ತಮ್ಮ ಅಧಿಕೃತ ನಿವಾಸವಾದ ಶ್ವೇತಭವನದ ಮೇಲೆಯೇ ನೀರು ಕಾಯಿಸುವ ಸೌರಫಲಕಗಳನ್ನು ಹಾಕಿಸಿದರು. 1985ರ ಕೊನೆಗೆ ಗೃಹಸ್ಥರ ಜಮೆ ನಿಂತಿತು. 1986ರಲ್ಲಿ, ರೇಗನ್ನರ ಆಡಳಿತದಲ್ಲಿ, ಆ ಫಲಕಗಳೂ ಕೆಳಗಿಳಿದವು. ಎಣ್ಣೆ ಅಗ್ಗವಾದೊಡನೆ ವಿವೇಕವೂ ಅಗ್ಗವಾಯಿತು.

ಗಾಳಿಯಂತ್ರಗಳ ಕಥೆಯೂ ಬೇರೆಯಲ್ಲ. ಅವುಗಳಿಂದ ಉತ್ಪತ್ತಿಯಾದ ಪ್ರತಿಯೊಂದು ಯೂನಿಟ್ಟಿಗೂ ಇಷ್ಟೆಂದು ಹತ್ತು ವರ್ಷಗಳವರೆಗೆ ಜಮೆ ಕೊಡುವ ಶಾಸನವು 1992ರಲ್ಲಿ ಆಯಿತು. ಆದರೆ 1999ರ ಮಧ್ಯದಲ್ಲಿಯೂ 2001, 2003ರ ಕೊನೆಗಳಲ್ಲಿಯೂ ಅದರ ಅವಧಿ ಮುಗಿಯಗೊಟ್ಟು, ಬಳಿಕ ಮತ್ತೆ ಜೀವ ತುಂಬಿದರು. 2012ರ ಕೊನೆಗೆ ಇದು ನಿಂತೇಹೋಗುವುದೆಂಬ ಭಯದಿಂದ ಎಲ್ಲರೂ ಆತುರಪಟ್ಟು ಆ ವರ್ಷ 13,000 ಮೆಗಾವಾಟಿಗೂ ಮಿಕ್ಕಿ ಗಾಳಿಯಂತ್ರಗಳನ್ನು ನಿಲ್ಲಿಸಿದರು. ಮರುವರ್ಷ ಏರಿದ್ದು ಸುಮಾರು 1,100 ಮೆಗಾವಾಟು ಮಾತ್ರ. ಗಾಳಿಯೇನು ಬೀಸುವುದನ್ನು ಬಿಟ್ಟಿತೆ? ಇಲ್ಲ, ಶಾಸನಸಭೆಯ ಮನಸ್ಸು ನಿಲ್ಲಲಿಲ್ಲ. ಒಂದು ವರ್ಷ ಕೈತುಂಬ ಕೆಲಸವಿದ್ದ ಕಾರ್ಖಾನೆಯ ಕೂಲಿಕಾರನು ಮರುವರ್ಷ ಬಾಗಿಲ ಹೊರಗೆ ನಿಲ್ಲುವುದೆಂದರೆ, ಅದರ ದುಃಖವು ಅಂಕಿಗಳಲ್ಲಿ ಕಾಣಿಸುವುದಿಲ್ಲ.

2022ರ ಆಗಸ್ಟ್ 16ರಂದು ಅಧ್ಯಕ್ಷ ಬೈಡನ್ನರು ಅಂಕಿತ ಹಾಕಿದ ಶಾಸನವು ಈ ಚಂಚಲತೆಗೆ ಮದ್ದಿನಂತೆ ತೋರಿತ್ತು. ಮನೆಯ ಸೌರವಿದ್ಯುತ್ತಿಗೆ ನೂರಕ್ಕೆ 30ರ ಜಮೆಯು 2032ರವರೆಗೆ, 2033ರಲ್ಲಿ 26, 2034ರಲ್ಲಿ 22, ಬಳಿಕ ಮುಕ್ತಾಯ. ಹೀಗೆ ಇಳಿಯುವ ಮೆಟ್ಟಿಲುಗಳನ್ನೂ ಅದರಲ್ಲಿಯೇ ಕಟ್ಟಿದ್ದರು. 2023ನೆಯ ವರ್ಷದ ಲೆಕ್ಕದಲ್ಲಿ 34 ಲಕ್ಷಕ್ಕೂ ಹೆಚ್ಚು ಕುಟುಂಬಗಳು ಮನೆಗೆ ಸಂಬಂಧಿಸಿದ ಈ ಎರಡು ಜಮೆಗಳಿಂದ 840 ಕೋಟಿ ಡಾಲರಿಗೂ ಹೆಚ್ಚು ಪಡೆದವು. ಹತ್ತು ವರ್ಷದ ಮಾತು ಕೊಟ್ಟು ಮೂರು ವರ್ಷ ತುಂಬುವ ಮೊದಲೇ ಅದನ್ನು ಅಳಿಸಿಬಿಟ್ಟರು. ಉದ್ಯಮಿಗಳ ಸೌರ, ಪವನ ಸ್ಥಾವರಗಳಿಗೂ ಗಡುವು ಬಿದ್ದಿತು: 2026ರ ಜುಲೈ 4ರೊಳಗೆ ನಿರ್ಮಾಣವನ್ನು ತೊಡಗದಿದ್ದವು 2027ರ ಕೊನೆಯೊಳಗೆ ಕಾರ್ಯಾರಂಭ ಮಾಡಬೇಕು, ಇಲ್ಲವಾದರೆ ಜಮೆಯಿಲ್ಲ. ಒಂದು ಪಕ್ಷವು ಬಂದು ಕೊಡುವುದು, ಇನ್ನೊಂದು ಬಂದು ಕೀಳುವುದು: ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತೆಂಬ ಗಾದೆಗೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ರದ್ದು ಮಾಡಿದವರ ವಾದವನ್ನೂ ನಾವು ನ್ಯಾಯವಾಗಿ ಕೇಳಬೇಕು. ಬೊಕ್ಕಸಕ್ಕೆ ಇದು ಭಾರ; ಕಾಲೂರಿನಿಂತ ಉದ್ಯಮಕ್ಕೆ ಊರುಗೋಲೇಕೆ; ಲಾಭವಾದುದು ಉಳ್ಳವರಿಗೇ, ಎಂಬುದು ಅವರ ಮಾತು. ಕಡೆಯ ಮಾತಿನಲ್ಲಿ ಸತ್ಯಾಂಶವಿದೆಯೆಂದು ನಾವು ಒಪ್ಪುತ್ತೇವೆ. ಜಮೆ ಹಿಡಿಯಬೇಕಾದರೆ ಮೊದಲು ತೆರಿಗೆ ಇರಬೇಕು. ತೆರಿಗೆ ಕೊಡುವಷ್ಟು ಆದಾಯವಿಲ್ಲದ ಗೃಹಸ್ಥನಿಗೆ ಅದು ನಗದಾಗಿ ಕೈಗೆ ಬರುವುದಿಲ್ಲ. ತೆರಿಗೆಯಿಂದ ಮುಕ್ತವಾದ ಪುರಸಭೆ, ಶಾಲೆ, ಧರ್ಮಸಂಸ್ಥೆಗಳಿಗೆ 2022ರ ಶಾಸನವು ಆ ಮೊತ್ತವನ್ನು ನಗದಾಗಿಯೇ ಕೊಡುವ ದಾರಿ ಮಾಡಿತು. ಬಡ ಸಂಸಾರಕ್ಕೆ ಕರದ ಮಾರ್ಗದಲ್ಲಿ ಆ ದಾರಿ ತೆರೆಯಲಿಲ್ಲ. ಆದರೆ ದೋಷವು ಇಲ್ಲಿದ್ದರೆ ಇಲ್ಲಿಯೇ ತಿದ್ದಬೇಕಲ್ಲದೆ, ಮಾಳಿಗೆ ಸೋರುತ್ತದೆಂದು ಮನೆಯನ್ನೇ ಕೆಡವಬಹುದೆ?

ನಮ್ಮ ದೇಶವು ಈ ತಪ್ಪಿನಿಂದ ಪಾರಾಗಿದೆಯೆಂದು ನಾವು ಹೆಮ್ಮೆಪಡುವಂತಿಲ್ಲ. ಚಿತ್ರದುರ್ಗದ ಗುಡ್ಡಗಳಲ್ಲೂ ಗದಗಿನ ಕಪ್ಪತಗುಡ್ಡದ ಸಾಲಿನಲ್ಲೂ ತಿರುಗುವ ಗಾಳಿಯಂತ್ರಗಳನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡಿರಬಹುದು. ಇಂಥ ಯಂತ್ರದ ಬೆಲೆಯಲ್ಲಿ ನೂರಕ್ಕೆ 80ರಷ್ಟನ್ನು ಮೊದಲ ವರ್ಷವೇ ಸವಕಳಿಯೆಂದು ಬರೆದು ತೆರಿಗೆ ಉಳಿಸಿಕೊಳ್ಳುವ ಅನುಕೂಲವು ಭಾರತದಲ್ಲಿ ಇತ್ತು. 2012ರಲ್ಲಿ ಅದನ್ನೂ, ಉತ್ಪಾದನೆಗೆ ಕೊಡುತ್ತಿದ್ದ ಪ್ರೋತ್ಸಾಹಧನವನ್ನೂ ನಿಲ್ಲಿಸಿದರು. 2011-12ರಲ್ಲಿ ಸುಮಾರು 3,200 ಮೆಗಾವಾಟಿನಷ್ಟು ಏರಿದ್ದ ಪವನಶಕ್ತಿಯು ಮರುವರ್ಷ ಸುಮಾರು 1,700ಕ್ಕೆ ಇಳಿಯಿತು. 2014ರಲ್ಲಿ ಸವಕಳಿಯ ಅನುಕೂಲವನ್ನು ಮರಳಿ ಕೊಟ್ಟು, 2017ರಿಂದ ನೂರಕ್ಕೆ 40ಕ್ಕೆ ತಗ್ಗಿಸಿದರು.

ಗೃಹಸ್ಥರ ವಿಷಯದಲ್ಲಿ ಮಾತ್ರ ನಮ್ಮವರು ಉತ್ತಮ ಮಾರ್ಗವನ್ನು ಹಿಡಿದರೆಂದು ನಮ್ಮ ಅಭಿಪ್ರಾಯ. 2024ರ ಫೆಬ್ರವರಿಯಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ ಸಹಾಯಧನವು ಕರದ ಲೆಕ್ಕಕ್ಕೆ ಹೋಗದೆ ನೇರವಾಗಿ ಗೃಹಸ್ಥನ ಬ್ಯಾಂಕಿನ ಖಾತೆಗೆ ಬರುತ್ತದೆ. 2 ಕಿಲೋವಾಟಿನವರೆಗೆ ಕಿಲೋವಾಟಿಗೆ 30,000 ರೂಪಾಯಿ, 3 ಕಿಲೋವಾಟಿಗೂ ಮೇಲಕ್ಕೂ ಒಟ್ಟು 78,000 ಎಂದು ನಿಗದಿ ಮಾಡಲಾಯಿತು. ಆದಾಯತೆರಿಗೆಯನ್ನೇ ಕಾಣದ ಸಣ್ಣ ಸಂಬಳದವನಿಗೂ ಇದರಿಂದ ಪ್ರಯೋಜನವುಂಟು. ಆದರೂ ವಠಾರದ ಬಾಡಿಗೆದಾರನಿಗೆ ಸ್ವಂತದ ಮಾಳಿಗೆಯೆಲ್ಲಿ? ಆ ಮಾತನ್ನು ನಮ್ಮ ಅಧಿಕಾರಿಗಳು ಮರೆಯಲಾಗದು.

ಸಹಾಯವು ಎಷ್ಟು ಎಂಬುದಕ್ಕಿಂತ ಎಷ್ಟು ಕಾಲ ಎಂಬುದೇ ಮುಖ್ಯವೆಂದು ನಾವು ನಂಬುತ್ತೇವೆ. ಸೌರಫಲಕದ ಆಯುಷ್ಯ ಇಪ್ಪತ್ತೈದು ವರ್ಷ; ಅದನ್ನು ಹೂಡಿಸುವವನು ಸಾಲ ಮಾಡಿ, ಲೆಕ್ಕ ಹಾಕಿ, ಸರಕಾರದ ಮಾತನ್ನು ನಂಬಿ ಕೈಹಾಕುತ್ತಾನೆ. ಆದುದರಿಂದ ಅವಧಿಯನ್ನು ಮೊದಲೇ ಸಾರಲಿ. ತಗ್ಗಿಸಬೇಕಾದರೆ ಮೆಟ್ಟಿಲು ಮೆಟ್ಟಿಲಾಗಿ ತಗ್ಗಿಸಲಿ. ತೆರಿಗೆ ಕೊಡದ ಬಡವನಿಗೆ ನಗದಾಗಿ ಕೊಡಲಿ. ನಮ್ಮ ಯೋಜನೆಯ ಮುಂದಿನ ದಿನಗಳನ್ನು ನಿರ್ಣಯಿಸುವವರು ಅಮೆರಿಕದ ಈ ನಲವತ್ತೇಳು ವರ್ಷಗಳ ಕಡತವನ್ನು ಒಮ್ಮೆ ತಿರುವಿಹಾಕಲೆಂದು ನಮ್ಮ ವಿಜ್ಞಾಪನೆ.